ಕೋವಿಯ ಜೀರ್ಣೋದ್ಧಾರ: ಸೇನೆಯ ಹಳೆಯ ರೈಫಲ್ಲುಗಳ ಶುದ್ಧೀಕರಣವೂ ಇತಿಹಾಸಕಾರನ ಹೊಣೆಯೂ

೧. ಪ್ರಸ್ತಾವನೆ

ಜೀರ್ಣೋದ್ಧಾರದ ಹೆಸರಿನಲ್ಲಿ ದೇವಾಲಯದ ಶಾಸನಗಳಿಗೆ ಸುಣ್ಣ ಬಳಿದುದನ್ನೂ, ವೀರಗಲ್ಲುಗಳನ್ನು ಮೆಟ್ಟಿಲಿಗೆ ಹಾಸಿದುದನ್ನೂ, ತಾಮ್ರಪಟಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಅಕ್ಷರಗಳ ಅಂಚನ್ನು ಸವೆಯಿಸಿದುದನ್ನೂ ನಮ್ಮ ನಾಡಿನ ಇತಿಹಾಸವನ್ನು ಅಭ್ಯಸಿಸುವವರೆಲ್ಲರೂ ಬಲ್ಲರು. ಹೀಗೆ ಮಾಡಿದವರಲ್ಲಿ ದುರುದ್ದೇಶವಿರಲಿಲ್ಲ. ಭಕ್ತಿಯೂ ಅಚ್ಚುಕಟ್ಟಿನ ಆಸೆಯೂ ಇದ್ದುವು. ಆದರೆ ಆದ ನಷ್ಟವನ್ನು ತುಂಬಿಕೊಡುವುದು ಯಾರಿಗೂ ಸಾಧ್ಯವಿಲ್ಲ. ಈ ಅನುಭವದಿಂದಲೇ ಶಾಸನಶಾಸ್ತ್ರದಲ್ಲಿ ಒಂದು ನಿಯಮವು ನೆಲೆಗೊಂಡಿತು: ಮೊದಲು ಅಚ್ಚು ತೆಗೆದುಕೊಳ್ಳಬೇಕು, ಅನಂತರವೇ ಕಲ್ಲನ್ನು ಮುಟ್ಟಬೇಕು.

ಈ ನಿಯಮವು ಪ್ರಾಚೀನ ವಸ್ತುಗಳಿಗೆ ಮಾತ್ರವೇ ಅನ್ವಯಿಸತಕ್ಕದ್ದೋ, ಅಥವಾ ನಮ್ಮ ತಾತಂದಿರ ಕಾಲದ, ಯಂತ್ರದಿಂದ ತಯಾರಾದ ವಸ್ತುಗಳಿಗೂ ಸಲ್ಲುವುದೋ ಎಂಬ ಪ್ರಶ್ನೆಯನ್ನು ಈ ಲೇಖನದಲ್ಲಿ ವಿವೇಚಿಸಲು ಯತ್ನಿಸಿದ್ದೇವೆ. ಸೇನೆಗಳು ತಮಗೆ ಹೆಚ್ಚಾದುವೆಂದು ವಿಲೇವಾರಿ ಮಾಡಿದ ಹಳೆಯ ರೈಫಲ್ಲುಗಳನ್ನು ಉದಾಹರಣೆಯಾಗಿ ಆರಿಸಿಕೊಂಡಿದ್ದೇವೆ. ಇವುಗಳಲ್ಲಿಯೂ ವಿಶೇಷವಾಗಿ, ನಮ್ಮ ದೇಶದಲ್ಲಿ ಒಂದು ಶತಮಾನಕ್ಕೂ ಮೇಲ್ಪಟ್ಟು ಬಳಕೆಯಲ್ಲಿದ್ದು ಜನರ ಬಾಯಲ್ಲಿ ‘ತ್ರೀ ನಾಟ್ ತ್ರೀ’ ಎಂದೇ ಪ್ರಸಿದ್ಧವಾದ ಲೀ-ಎನ್‌ಫೀಲ್ಡ್ ಕೋವಿಯನ್ನು ಮುಖ್ಯವಾಗಿ ಪರಿಶೀಲಿಸಲಾಗಿದೆ.

ವಿಷಯಪ್ರವೇಶಕ್ಕೆ ಮೊದಲು ಮೂರು ಮಾತುಗಳ ಅರ್ಥವನ್ನು ಗೊತ್ತುಪಡಿಸಿಕೊಳ್ಳುವುದು ಅವಶ್ಯ. ವಸ್ತುವಿನ ಮೇಲೆ ಕುಳಿತ ಕೊಳೆ, ಗ್ರೀಸು, ಉಪ್ಪು ಇವುಗಳನ್ನು ತೆಗೆಯುವುದು ಶುದ್ಧೀಕರಣ. ನಡೆಯುತ್ತಿರುವ ಕ್ಷಯವನ್ನು ತಡೆಯುವುದು ಸಂರಕ್ಷಣೆ. ವಸ್ತುವನ್ನು ಅದರ ಹಿಂದಿನ ಯಾವುದೋ ಒಂದು ಸ್ಥಿತಿಗೆ ಮರಳಿಸಲು ಯತ್ನಿಸುವುದು ಜೀರ್ಣೋದ್ಧಾರ. ಮೊದಲನೆಯ ಎರಡರ ವಿಷಯದಲ್ಲಿ ವಿವಾದವು ಅಲ್ಪ. ಮೂರನೆಯದರಲ್ಲಿ ಮಾತ್ರ, ‘ಯಾವ ಸ್ಥಿತಿಗೆ?’ ಎಂಬ ಪ್ರಶ್ನೆಯು ಕೂಡಲೆ ಏಳುತ್ತದೆ. ಈ ಪ್ರಶ್ನೆಗೆ ಉತ್ತರವನ್ನು ಕೊಡಬೇಕಾದವನು ಕಮ್ಮಾರನಲ್ಲ, ಬಡಗಿಯಲ್ಲ, ಇತಿಹಾಸಕಾರನು.

೨. ಕೋವಿಯ ಪೂರ್ವವೃತ್ತಾಂತ

ಸ್ಕಾಟ್ಲೆಂಡಿನಲ್ಲಿ ೧೮೩೧ರಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಜೇಮ್ಸ್ ಪ್ಯಾರಿಸ್ ಲೀ ಎಂಬಾತನು ರೂಪಿಸಿದ ಬೋಲ್ಟು ಮತ್ತು ತೋಟಾಪೆಟ್ಟಿಗೆ, ವಿಲಿಯಂ ಮೆಟ್‌ಫೋರ್ಡ್ ಎಂಬಾತನು ರೂಪಿಸಿದ ನಳಿಗೆಯ ಸುರುಳಿಗೆರೆ, ಇವೆರಡನ್ನೂ ಕೂಡಿಸಿದ ಲೀ-ಮೆಟ್‌ಫೋರ್ಡ್ ಕೋವಿಯನ್ನು ಬ್ರಿಟಿಷ್ ಸೇನೆಯು ೧೮೮೮ರಲ್ಲಿ ಅಂಗೀಕರಿಸಿತು. ಅದು ಕರಿಮದ್ದಿನ ಕಾಲದ ನಳಿಗೆ. ಹೊಗೆರಹಿತವಾದ ಕಾರ್ಡೈಟ್ ಮದ್ದು ಬಳಕೆಗೆ ಬಂದೊಡನೆ, ಅದರ ಉಗ್ರವಾದ ಶಾಖಕ್ಕೆ ಮೆಟ್‌ಫೋರ್ಡನ ತೆಳುವಾದ ಗೆರೆಗಳು ಬೇಗನೆ ಸವೆದುಹೋಗತೊಡಗಿದುವು. ಎನ್‌ಫೀಲ್ಡ್ ಕಾರ್ಖಾನೆಯಲ್ಲಿ ಆಳವಾದ, ಚೌಕ ಅಂಚಿನ ಐದು ಗೆರೆಗಳನ್ನು ಕೊರೆದು ೧೮೯೫ರಲ್ಲಿ ಈ ತೊಡಕನ್ನು ಪರಿಹರಿಸಿದರು. ಕೋವಿಯ ಹೆಸರಿನ ಉತ್ತರಾರ್ಧವು ಹೀಗೆ ಬಂದಿತು. ಕಾಲಾಳಿಗೂ ಕುದುರೆ ಸವಾರನಿಗೂ ಸಮಾನವಾಗಿ ಒದಗಲೆಂದು ಗಿಡ್ಡಗೊಳಿಸಿದ ಮಾದರಿಯು ೧೯೦೪ರ ಸುಮಾರಿಗೆ ಸೇನೆಯ ಕೈಸೇರಿತು. ಅದರ ಸುಪ್ರಸಿದ್ಧವಾದ ಮೂರನೆಯ ಮಾದರಿಯು ೧೯೦೭ರಲ್ಲಿ ಅಂಗೀಕೃತವಾಯಿತು. ನಳಿಗೆಯ ಉದ್ದ ೨೫.೨ ಅಂಗುಲ, ಅದರ ಒಳವ್ಯಾಸ.೩೦೩ ಅಂಗುಲ, ಪೆಟ್ಟಿಗೆಯಲ್ಲಿ ಹತ್ತು ತೋಟಾಗಳು.

ಕಲ್ಕತ್ತೆಯ ಉತ್ತರಕ್ಕೆ, ಹಿಂದೆ ಮದ್ದಿನ ಕಾರ್ಖಾನೆಯಿದ್ದ ಈಶಾಪುರದಲ್ಲಿ, ೧೯೦೪ರಲ್ಲಿ ರೈಫಲ್ ಕಾರ್ಖಾನೆಯು ಸ್ಥಾಪಿತವಾಯಿತು. ಇಂಗ್ಲೆಂಡಿನಲ್ಲಿ ಈ ಮಾದರಿಗೆ ಬದಲಾಗಿ ‘ನಾಲ್ಕನೆಯ ನಂಬರಿನ’ ಕೋವಿಯು ಎರಡನೆಯ ಮಹಾಯುದ್ಧದಲ್ಲಿ ಬಂದರೂ ಈಶಾಪುರದಲ್ಲಿ ಹಳೆಯ ಮಾದರಿಯೇ ಸ್ವಾತಂತ್ರ್ಯದ ನಂತರವೂ ತಯಾರಾಗುತ್ತಿತ್ತು. ಎಲ್ಲ ದೇಶಗಳ ಕಾರ್ಖಾನೆಗಳನ್ನೂ ಸೇರಿಸಿದರೆ ತಯಾರಾದ ಲೀ-ಎನ್‌ಫೀಲ್ಡ್ ಕೋವಿಗಳ ಸಂಖ್ಯೆಯು ಕೋಟಿಗೂ ಮಿಕ್ಕಿದ್ದು.

ಇಷ್ಟು ವಿಪುಲವಾಗಿ ಸಿಕ್ಕುವ ವಸ್ತುವಿನಲ್ಲಿ ಐತಿಹಾಸಿಕ ವೈಶಿಷ್ಟ್ಯವೇನಿದೆ ಎಂದು ಕೇಳಬಹುದು. ನಾಣ್ಯಶಾಸ್ತ್ರವು ಇದಕ್ಕೆ ಉತ್ತರವನ್ನು ಕೊಟ್ಟಿದೆ. ಒಂದೇ ಟಂಕದಿಂದ ಹೊರಟ ಸಾವಿರಾರು ನಾಣ್ಯಗಳು ಹುಟ್ಟಿನಲ್ಲಿ ಒಂದೇ ಆದರೂ ಸವೆತದಲ್ಲಿ, ಮರುಮುದ್ರಣದಲ್ಲಿ, ದೊರೆತ ಸ್ಥಳದಲ್ಲಿ ಬೇರೆ ಬೇರೆಯಾಗುತ್ತವೆ. ಆ ಭೇದವೇ ವ್ಯಾಪಾರದ ಮತ್ತು ರಾಜ್ಯಭಾರದ ಇತಿಹಾಸಕ್ಕೆ ಆಧಾರ. ಕೋವಿಯ ವಿಷಯವೂ ಇದೇ. ಹುಟ್ಟಿದ ದಿನ ಅದು ಕೋಟಿಯಲ್ಲಿ ಒಂದು. ಮೂವತ್ತು ವರ್ಷ ಸೇವೆ ಸಲ್ಲಿಸಿದ ಮೇಲೆ ಅದರಂಥದು ಮತ್ತೊಂದಿಲ್ಲ.

೩. ಸಿಪಾಯಿಯ ಕೈಯಲ್ಲಿ ಶುದ್ಧೀಕರಣ

ಕೋವಿಯ ಶುದ್ಧೀಕರಣವು ಸಂಗ್ರಾಹಕರಿಂದ ಆರಂಭವಾದುದಲ್ಲ. ಕೋವಿಯು ಸಿಪಾಯಿಯ ಕೈಗೆ ಬಂದ ದಿನದಿಂದಲೇ ಅದು ನಿತ್ಯವಿಧಿ. ಈ ನಿತ್ಯವಿಧಿಯನ್ನು ಅರಿಯದೆ ಕೋವಿಯ ಮೈಮೇಲಿನ ಗುರುತುಗಳನ್ನು ಓದಲಾಗದು.

ತೋಟಾದ ಬುಡದಲ್ಲಿರುವ ಕೇಪಿನಲ್ಲಿ ಪೊಟಾಸಿಯಂ ಕ್ಲೋರೇಟ್ ಎಂಬ ಲವಣವು ಸೇರಿರುತ್ತಿತ್ತು. ಗುಂಡು ಹಾರಿದಾಗ ಅದು ಪೊಟಾಸಿಯಂ ಕ್ಲೋರೈಡಾಗಿ ಮಾರ್ಪಟ್ಟು ನಳಿಗೆಯ ಒಳಮೈಗೆ ಅಂಟಿಕೊಳ್ಳುತ್ತಿತ್ತು. ಇದು ನಮ್ಮ ಅಡಿಗೆ ಉಪ್ಪಿನ ಜಾತಿಯ ವಸ್ತು. ಗಾಳಿಯ ತೇವವನ್ನು ಹೀರಿ ಉಕ್ಕಿಗೆ ತುಕ್ಕು ಹಿಡಿಸುವುದು ಇದರ ಗುಣ. ಉಪ್ಪು ಎಣ್ಣೆಯಲ್ಲಿ ಕರಗದು, ನೀರಿನಲ್ಲಿ ಕರಗುತ್ತದೆ. ಆದುದರಿಂದ ಗುಂಡು ಹಾರಿಸಿದ ಮೇಲೆ ಎಷ್ಟು ಎಣ್ಣೆ ಬಳಿದರೂ ಉಪ್ಪು ಎಣ್ಣೆಯ ಅಡಿಯಲ್ಲಿ ಉಳಿದು ತನ್ನ ಕೆಲಸವನ್ನು ಮಾಡುತ್ತಲೇ ಇರುತ್ತದೆ. ಬ್ರಿಟಿಷ್ ಮತ್ತು ಭಾರತೀಯ ಸೇನೆಗಳಲ್ಲಿ ಇದಕ್ಕೆ ಕಂಡುಕೊಂಡ ಉಪಾಯವು ಬಹು ಸರಳ. ಬೋಲ್ಟನ್ನು ತೆಗೆದು, ಹಿಂಬದಿಯಿಂದ ಲಾಳಿಕೆಯನ್ನಿಟ್ಟು, ನಳಿಗೆಯೊಳಗೆ ಕುದಿಯುವ ನೀರನ್ನು ಹೊಯ್ಯುವುದು. ನೀರು ಉಪ್ಪನ್ನು ಕರಗಿಸಿ ಒಯ್ಯುತ್ತದೆ, ಕಾದ ಉಕ್ಕು ತಾನಾಗಿ ಒಣಗುತ್ತದೆ, ಅನಂತರ ಎಣ್ಣೆ.

ಒರೆಸುವ ಸಾಮಗ್ರಿಯು ಕೋವಿಯ ಹಿಂಭಾಗದ ಮರದಲ್ಲಿಯೇ ಅಡಗಿರುತ್ತಿತ್ತು. ಹಿತ್ತಾಳೆಯ ಚಿಕ್ಕ ಮುಚ್ಚಳವನ್ನು ತೆರೆದರೆ ಒಳಗೆ ಎಣ್ಣೆಯ ಕುಪ್ಪಿ ಮತ್ತು ‘ಪುಲ್‌ಥ್ರೂ’ ಎಂಬ ಹುರಿ. ಹುರಿಯ ಒಂದು ತುದಿಗೆ ಹಿತ್ತಾಳೆಯ ತೂಕ, ಮತ್ತೊಂದು ತುದಿಯ ಕಡೆಗೆ ಕುಣಿಕೆಗಳು. ನಾಲ್ಕಂಗುಲ ಉದ್ದ ಎರಡಂಗುಲ ಅಗಲದ ಬಟ್ಟೆಯ ತುಂಡನ್ನು ಕುಣಿಕೆಗೆ ಸಿಕ್ಕಿಸಿ, ತೂಕವನ್ನು ಹಿಂಬದಿಯಿಂದ ಇಳಿಬಿಟ್ಟು ಬಾಯಿಯ ಕಡೆಯಿಂದ ಸೆಳೆಯಬೇಕು. ನಮ್ಮ ಸೇನೆಯಲ್ಲಿಯೂ ಎನ್.ಸಿ.ಸಿ. ದಳಗಳಲ್ಲಿಯೂ ಈ ಬಟ್ಟೆಗೆ ‘ಚಿಂದಿ’ ಎಂದೇ ಹೆಸರು.

ಇಲ್ಲಿ ಇತಿಹಾಸಕಾರನು ಗಮನಿಸತಕ್ಕ ಸಂಗತಿಯೊಂದಿದೆ. ಹುರಿಯನ್ನು ನಳಿಗೆಗೆ ನೇರವಾಗಿ ಸೆಳೆಯದೆ ಓರೆಯಾಗಿ ಸೆಳೆದರೆ ಅದು ನಳಿಗೆಯ ಬಾಯಂಚನ್ನು ಉಜ್ಜುತ್ತದೆ. ಹುರಿಗೆ ಅಂಟಿದ ಮರಳು ಅರದಂತೆ ಕೆಲಸ ಮಾಡುತ್ತದೆ. ವರ್ಷಗಟ್ಟಲೆ ಹೀಗಾದರೆ ದುಂಡಾದ ಬಾಯಿಯು ಒಂದು ಬದಿಗೆ ಸವೆದು ಗುಂಡಿನ ಗುರಿ ಕೆಡುತ್ತದೆ. ಹುರಿಯ ಸವೆತವೆಂಬ ಈ ದೋಷವು ಸೇನೆಯ ಕೋವಿ ದುರಸ್ತಿಗಾರರಿಗೆ ಚಿರಪರಿಚಿತವಾಗಿತ್ತು. ಎಂದರೆ, ಅನೇಕ ಕೋವಿಗಳನ್ನು ಹಾಳುಮಾಡಿದ್ದು ಯುದ್ಧವಲ್ಲ, ಬ್ಯಾರಕ್ಕಿನ ಶುಚಿತ್ವ. ಬಾಯಿ ಸವೆದು ಉಳಿದ ಭಾಗವು ಚೊಕ್ಕಟವಾಗಿರುವ ಕೋವಿಯು ಗುಂಡು ಹಾರಿಸಿದ್ದಕ್ಕಿಂತ ತಪಾಸಣೆಗೆ ನಿಂತದ್ದೇ ಹೆಚ್ಚೆಂದು ಊಹಿಸಲು ಅವಕಾಶವಿದೆ. ಸಾಮಾನ್ಯ ಸಿಪಾಯಿಯು ದಿನಚರಿ ಬರೆದಿಡಲಿಲ್ಲ. ಆತನ ದಿನಗಳು ಹೇಗೆ ಕಳೆದುವೆಂಬುದಕ್ಕೆ ಈ ಸವೆತವು ಒಂದು ಲಿಖಿತ. ಜೀರ್ಣೋದ್ಧಾರಕನು ನಳಿಗೆಯ ತುದಿಯನ್ನು ಕತ್ತರಿಸಿ ಹೊಸ ಅಂಚು ಕೊಟ್ಟಾಗ ಈ ಲಿಖಿತವು ಲೋಹದ ಪುಡಿಯೊಡನೆ ಕಸದ ಬುಟ್ಟಿಯನ್ನು ಸೇರುತ್ತದೆ.

೪. ಕಾರ್ಖಾನೆಯ ದುರಸ್ತಿ: ‘ಮೂಲಸ್ಥಿತಿ’ ಯಾವುದು?

ಸಿಪಾಯಿಯ ಕೈಮೀರಿದ ದೋಷಗಳಿಗೆ ಕೋವಿಯು ಆಯುಧಶಾಲೆಗೆ ಹೋಗುತ್ತಿತ್ತು. ಅಲ್ಲಿ ನಳಿಗೆ, ಬೋಲ್ಟು, ಮರ ಇವುಗಳಲ್ಲಿ ಯಾವುದನ್ನಾದರೂ ಬದಲಿಸುವುದುಂಟು. ಬದಲಿಸಿದ ಭಾಗಕ್ಕೆ ಮುಖ್ಯದೇಹದ ಸಂಖ್ಯೆಯನ್ನು ಹೊಡೆದು, ಹಳೆಯ ಸಂಖ್ಯೆಯನ್ನು ಗೀರಿ ರದ್ದು ಮಾಡುವುದು ವಾಡಿಕೆ. ಕೋವಿಯ ದೇಹ, ನಳಿಗೆ, ಬೋಲ್ಟು, ಮೂತಿಯ ಕವಚ, ಗುರಿಪಟ್ಟಿಯ ಒಳಮೈ ಹೀಗೆ ಹಲವು ಕಡೆ ಸಂಖ್ಯೆಗಳಿರುತ್ತವೆ. ಅವು ಒಂದೇ ಆಗಿದ್ದರೆ ಭಾಗಗಳು ಕೂಡಿ ಬಾಳಿದುವೆಂದೂ, ಬೇರೆಯಾಗಿದ್ದರೆ ನಡುವೆ ಚಿಕಿತ್ಸೆಯಾಯಿತೆಂದೂ ತಿಳಿಯಬಹುದು.

ಮುದ್ರೆಗಳು ರಾಜ್ಯಭಾರದ ಬದಲಾವಣೆಯನ್ನೂ ತೋರಿಸುತ್ತವೆ. ಈಶಾಪುರದ ಹಳೆಯ ಕೋವಿಗಳ ಮೇಲೆ ಕಿರೀಟವೂ ಅದರ ಕೆಳಗೆ ‘ಜಿ. ಆರ್. ಐ.’ ಎಂಬ ಅಕ್ಷರಗಳೂ ಕಾಣುತ್ತವೆ. ರಾಜನೂ ಚಕ್ರವರ್ತಿಯೂ ಆದ ಜಾರ್ಜ್ ಎಂಬುದು ಆ ಲ್ಯಾಟಿನ್ ಅಕ್ಷರಗಳ ಅರ್ಥ. ಸ್ವಾತಂತ್ರ್ಯಾನಂತರದ ಕೋವಿಗಳ ಮೇಲೆ ಕಿರೀಟದ ಸ್ಥಾನದಲ್ಲಿ ಅಶೋಕನ ಸಿಂಹಶೀರ್ಷವು ಬಂದಿತು, ‘ಆರ್. ಎಫ್. ಐ.’ ಎಂಬ ಕಾರ್ಖಾನೆಯ ಅಂಕಿತವೂ ಕಾಣತೊಡಗಿತು. ಒಂದೇ ಕೋವಿಯಲ್ಲಿ ಕಿರೀಟದ ದೇಹವೂ ನಂತರದ ಅಂಕಿತವುಳ್ಳ ಬಿಡಿಭಾಗಗಳೂ ಕೂಡಿರುವುದುಂಟು. ಸತ್ತೆಯ ಹಸ್ತಾಂತರವನ್ನು ಬಲ್ಲ ವಿದ್ಯಾರ್ಥಿಗೆ ಅದರ ಇಂಥ ಮೂರ್ತವಾದ ಸಾಕ್ಷ್ಯವು ಬೇರೆಡೆ ಸಿಕ್ಕುವುದು ವಿರಳ.

ಮರದ ಭಾಗವೂ ಮೌನವಾಗಿಲ್ಲ. ಈಶಾಪುರದ ಕೋವಿಗಳಲ್ಲಿ ತೋಟಾಪೆಟ್ಟಿಗೆಯ ಮುಂದುಗಡೆ ಮುಂಭಾಗದ ಮರವನ್ನು ಅಡ್ಡಲಾಗಿ ಬಿಗಿಯುವ ತಿರುಪೊಂದು ಅನೇಕ ವೇಳೆ ಕಾಣುತ್ತದೆ. ಮರವು ಸೀಳದಿರಲೆಂದು ಮಾಡಿದ ಈ ಉಪಾಯವು ಇಂಗ್ಲೆಂಡಿನ ಮೂಲ ವಿನ್ಯಾಸದಲ್ಲಿಲ್ಲ. ಆಸ್ಟ್ರೇಲಿಯದ ಲಿತ್‌ಗೋ ಕಾರ್ಖಾನೆಯವರು ತಮ್ಮ ನಾಡಿನ ಮೃದುವಾದ ಮರಕ್ಕೆ ಹಿಂದೊದೆತದ ಪೆಟ್ಟು ತಾಗುವೆಡೆಯಲ್ಲಿ ತಾಮ್ರದ ತುಂಡುಗಳನ್ನು ಕೂಡಿಸಿದರು. ಒಂದೇ ವಿನ್ಯಾಸವು ಬೇರೆ ಬೇರೆ ನಾಡುಗಳ ಮರ, ಹವೆ, ಕೈಗಾರಿಕೆ ಇವುಗಳಿಗೆ ಹೇಗೆ ಒಗ್ಗಿಕೊಂಡಿತೆಂಬುದಕ್ಕೆ ಇವು ಪ್ರಮಾಣ.

ಇವೆಲ್ಲಕ್ಕಿಂತ ಗಂಭೀರವಾದ ಉದಾಹರಣೆಯು ಈಶಾಪುರದ .೪೧೦ ಅಂಗುಲದ ಮಸ್ಕೆಟ್ಟು. ಇದು ಹುಟ್ಟಿನಲ್ಲಿ .೩೦೩ರ ವರ್ಗದ್ದೇ. ಆದರೆ ನಳಿಗೆಯು ಸುರುಳಿಗೆರೆಗಳಿಲ್ಲದೆ ನುಣುಪಾಗಿದೆ. ತೋಟಾಪೆಟ್ಟಿಗೆಯ ಗುಳಿಗೆ ಮರದ ತುಂಡನ್ನು ಕೂಡಿಸಿ ಒಮ್ಮೆಗೆ ಒಂದೇ ತೋಟಾ ಹಾಕುವಂತೆ ಮಾಡಲಾಗಿದೆ. ಪೊಲೀಸರಿಗೂ ಸೆರೆಮನೆಯ ಕಾವಲುಗಾರರಿಗೂ ಕೊಡಲೆಂದು ಇದನ್ನು ತಯಾರಿಸಿದರು. ಸೇನೆಯ ಕೋವಿಯ ದೂರವನ್ನೂ ವೇಗವನ್ನೂ ಬೇಕೆಂದೇ ಕುಗ್ಗಿಸಿದ ಆಯುಧವಿದು. ಇದರ ಪೂರ್ವಜನನ್ನು ೧೮೫೭ರ ಸಂಗ್ರಾಮದ ಮರುವರ್ಷವೇ ಕಾಣಬಹುದು. ೧೮೫೩ರ ಎನ್‌ಫೀಲ್ಡ್ ಮಾದರಿಯ ನಳಿಗೆಯಿಂದ ಗೆರೆಗಳನ್ನು ನಿವಾರಿಸಿ ನುಣುಪಾಗಿಸಿದ ೧೮೫೮ರ ಮಸ್ಕೆಟ್ಟನ್ನು ಭಾರತೀಯ ಸಿಪಾಯಿಗಳಿಗೆಂದೇ ರೂಪಿಸಲಾಗಿತ್ತು. ಆಳುವವರಿಗೆ ತಮ್ಮ ಸೇವೆಯಲ್ಲಿದ್ದ ಭಾರತೀಯರ ಮೇಲಿದ್ದ ಅವಿಶ್ವಾಸವನ್ನು ಸರ್ಕಾರಿ ಕಡತಗಳು ನಯವಾದ ಮಾತುಗಳಲ್ಲಿ ಹೇಳುತ್ತವೆ. ನುಣುಪಾದ ನಳಿಗೆಯು ಅದನ್ನೇ ನೇರವಾಗಿ ಹೇಳುತ್ತದೆ. ಇಂಥ ಮಸ್ಕೆಟ್ಟಿಗೆ ಗೆರೆಯುಳ್ಳ ನಳಿಗೆಯನ್ನೂ ಹತ್ತು ತೋಟಾಗಳ ಪೆಟ್ಟಿಗೆಯನ್ನೂ ಜೋಡಿಸಿ ‘ಸರಿಯಾದ’ .೩೦೩ ಮಾಡಿದೆವೆಂದು ಹಿಗ್ಗುವವರಿದ್ದರೆ, ಅವರು ಉದ್ಧಾರ ಮಾಡಿದ್ದು ಕೋವಿಯನ್ನು. ಅಳಿಸಿದ್ದು ಒಂದು ರಾಜನೀತಿಯ ದಾಖಲೆಯನ್ನು.

ಈಶಾಪುರದ ಕಥೆ ಇಲ್ಲಿಗೇ ಮುಗಿಯದು. ೧೯೬೨ರ ಚೀನಾ ಯುದ್ಧದ ನಂತರ ಇದೇ ವಿನ್ಯಾಸವನ್ನು ಉತ್ತಮಪಡಿಸಿದ ಉಕ್ಕಿನಿಂದ ೭.೬೨ ಮಿಲಿಮೀಟರ್ ತೋಟಾಕ್ಕೆ ಹೊಂದಿಸಿ ‘೨ಎ’ ಮತ್ತು ‘೨ಎ೧’ ಎಂಬ ಮಾದರಿಗಳನ್ನು ತಯಾರಿಸಿದರು. ಎರಡನೆಯದರ ಗುರಿಪಟ್ಟಿಯ ಮೇಲಣ ದೂರವು ೨೦೦೦ದಿಂದ ೮೦೦ ಮೀಟರಿಗೆ ಇಳಿಯಿತು. ಸಾಮ್ರಾಜ್ಯದ ಕಾಲದ ದೂರದ ಸಾಮೂಹಿಕ ಗುಂಡಿನ ಕಲ್ಪನೆಯು ಹೋಗಿ, ಕಾಣುವ ಶತ್ರುವಿಗೆ ಗುರಿಯಿಡುವ ಕಲ್ಪನೆಯು ನೆಲೆಗೊಂಡುದು ಈ ಒಂದು ಅಂಕಿಯಲ್ಲಿದೆ.

ಇದು ಲೀ-ಎನ್‌ಫೀಲ್ಡಿಗೆ ಮಾತ್ರ ಸೀಮಿತವಾದ ಸಂಗತಿಯಲ್ಲ. ಫಿನ್ಲೆಂಡಿನ ೧೯೩೯ರ ಮಾದರಿಯ ರೈಫಲ್ಲಿನ ದೇಹವು ಅನೇಕ ವೇಳೆ ರಷ್ಯದ ತ್ಸಾರರ ಕಾಲದ್ದು; ನಳಿಗೆ ಮಾತ್ರ ಫಿನ್ಲೆಂಡಿನದು. ರಷ್ಯದ ಕಾರ್ಖಾನೆಯ ತೇದಿಯು ಮರದೊಳಗೆ ಅಡಗಿರುವ ಭಾಗದ ಕೆಳಮೈಯಲ್ಲಿರುವುದರಿಂದ ಬಿಚ್ಚಿದ ಹೊರತು ಅದು ಕಾಣದು. ಸೋವಿಯತ್ ಆಯುಧಶಾಲೆಗಳು ಎರಡನೆಯ ಮಹಾಯುದ್ಧದಲ್ಲಿ ವಶವಾದ ಜರ್ಮನ್ ರೈಫಲ್ಲುಗಳನ್ನು ಬಿಚ್ಚಿ, ಭಾಗಗಳನ್ನು ಬೆರೆಸಿ ಜೋಡಿಸಿ, ಹಲವುಗಳ ಮೇಲಿದ್ದ ನಾಜಿ ಚಿಹ್ನೆಗಳನ್ನು ಕುಟ್ಟಿ ಅಳಿಸಿ, ಮರಕ್ಕೆ ಅರಗಿನ ಮೆರುಗು ಬಳಿದು ಉಗ್ರಾಣಕ್ಕೆ ಹಾಕಿದುವು. ಆ ಮೆರುಗನ್ನು ತೆಗೆದು ಚಿಹ್ನೆಯನ್ನು ಮರಳಿ ಕೆತ್ತಿದರೆ ರೈಫಲ್ಲು ೧೯೪೨ಕ್ಕೆ ಹಿಂದಿರುಗೀತೆ? ಹಿಂದಿರುಗದು, ಅದು ಯಾವ ಕಾಲಕ್ಕೂ ಸೇರದ ಕೃತಕ ವಸ್ತುವಾದೀತು. ಹೀಗೆ ಪರಿಶೀಲಿಸಿದರೆ ‘ಮೂಲಸ್ಥಿತಿ’ ಎಂಬ ಕಲ್ಪನೆಯೇ ದುರ್ಬಲವೆಂದು ತೋರುತ್ತದೆ. ಸೇವೆಯಲ್ಲಿದ್ದ ಆಯುಧಕ್ಕೆ ಹಲವು ಸ್ಥಿತಿಗಳಿವೆ. ಅವುಗಳಲ್ಲಿ ಒಂದನ್ನು ಆರಿಸಿ ಉಳಿದುವನ್ನು ಅಳಿಸುವ ಅಧಿಕಾರವು ನಮಗಿಲ್ಲ.

೫. ಮಾರುಕಟ್ಟೆಯಲ್ಲಿ ಹಳೆಯ ಕೋವಿ

ಎರಡನೆಯ ಮಹಾಯುದ್ಧವು ಮುಗಿದ ಮೇಲೆ ಯೂರೋಪಿನ ಉಗ್ರಾಣಗಳಲ್ಲಿ ಕೋಟ್ಯಂತರ ರೈಫಲ್ಲುಗಳು ಉಳಿದುವು. ಸ್ಯಾಮ್ಯುಯೆಲ್ ಕಮಿಂಗ್ಸ್ ಮೊದಲಾದ ವ್ಯಾಪಾರಿಗಳು ಅವನ್ನು ಸಗಟಾಗಿ ಕೊಂಡು ಅಮೆರಿಕದಲ್ಲಿ ಅಗ್ಗದ ಬೆಲೆಗೆ ಮಾರಿದರು. ಕೊಂಡವರಲ್ಲಿ ಬಹುಮಂದಿಗೆ ಅವು ಬೇಟೆಯ ಸಾಧನ ಮಾತ್ರ. ಮುಂಭಾಗದ ಮರವನ್ನು ಗರಗಸದಿಂದ ಕೊಯ್ದು, ನಳಿಗೆಯನ್ನು ಮೊಟಕುಮಾಡಿ, ಮುದ್ರೆಗಳನ್ನು ಅರದಿಂದ ಉಜ್ಜಿ ಹೊಳಪು ಕೊಡುವ ಪದ್ಧತಿಯು ೧೯೫೦ರ ಮತ್ತು ೧೯೬೦ರ ದಶಕಗಳಲ್ಲಿ ವ್ಯಾಪಕವಾಗಿತ್ತು.

೧೯೬೩ರ ನವೆಂಬರ್ ೨೨ರಂದು ಅಧ್ಯಕ್ಷ ಕೆನೆಡಿಯವರ ಹತ್ಯೆಗೆ ಬಳಕೆಯಾದುದು ಇಂಥದೇ ಒಂದು ಹೆಚ್ಚುವರಿ ರೈಫಲ್ಲು. ಅದು ೧೯೪೦ರಲ್ಲಿ ಇಟಲಿಯ ತೆರ್ನಿಯಲ್ಲಿ ತಯಾರಾದದ್ದು. ಅಂಚೆಯ ಮೂಲಕ ಕೊಂಡದ್ದು. ಅದರ ಮೇಲಿದ್ದ ‘ಸಿ ೨೭೬೬’ ಎಂಬ ಸಂಖ್ಯೆಯ ಜಾಡು ಹಿಡಿದೇ ತನಿಖೆಗಾರರು ಮಾರಾಟದ ಕಾಗದಪತ್ರಗಳನ್ನು ತಲಪಿದರು. ಆ ಸಂಖ್ಯೆಯನ್ನು ಯಾರಾದರೂ ಹೊಳಪಿನ ಮೋಹದಿಂದ ಉಜ್ಜಿಹಾಕಿದ್ದರೆ ಆ ಜಾಡು ಸಿಗುತ್ತಿರಲಿಲ್ಲ. ೧೯೬೮ರ ಶಾಸನವು ಸೇನೆಯ ಹೆಚ್ಚುವರಿ ಆಯುಧಗಳ ಆಮದನ್ನು ಅಮೆರಿಕದಲ್ಲಿ ನಿಲ್ಲಿಸಿತು. ೧೯೮೪ರಲ್ಲಿ ಪುರಾತನ ಮತ್ತು ಸಂಗ್ರಹಯೋಗ್ಯ ಆಯುಧಗಳಿಗೆ ಮತ್ತೆ ಅವಕಾಶವಾಯಿತು. ಆಮದುದಾರನ ಹೆಸರನ್ನು ಕೋವಿಯ ಮೇಲೆ ಹೊಡೆಯಬೇಕೆಂಬ ಕಟ್ಟಳೆಯಿರುವುದರಿಂದ ಮಾರಾಟವೂ ತನ್ನದೊಂದು ಮುದ್ರೆಯನ್ನು ಸೇರಿಸಿತು.

ನಮ್ಮ ನೆರೆಯ ನೇಪಾಳದಲ್ಲಿ ೨೦೦೩ರಲ್ಲಿ ನಡೆದ ಮಾರಾಟವು ಇಂಥವುಗಳಲ್ಲೆಲ್ಲ ಗಮನಾರ್ಹವಾದುದು. ಕಾಠ್ಮಂಡುವಿನ ಹಳೆಯ ಅರಮನೆಯೊಂದರಲ್ಲಿದ್ದ ಆಯುಧಾಗಾರದಿಂದ, ಬ್ರೌನ್ ಬೆಸ್ ಮಸ್ಕೆಟ್ಟು ಮೊದಲ್ಗೊಂಡು ಮಾರ್ಟಿನಿ-ಹೆನ್ರಿ ಮತ್ತು ನೇಪಾಳದಲ್ಲಿಯೇ ತಯಾರಾದ ಗಹೇಂದ್ರ ರೈಫಲ್ಲಿನವರೆಗೆ, ಹತ್ತಾರು ಸಾವಿರ ಆಯುಧಗಳು ವಿದೇಶೀ ವ್ಯಾಪಾರಿಗಳ ಪಾಲಾದುವು. ಅವುಗಳ ಮೇಲೆ ದಶಕಗಳ ಗ್ರೀಸೂ ಧೂಳೂ ಗಟ್ಟಿಯಾಗಿ ಹೆಪ್ಪುಗಟ್ಟಿದ್ದುವು. ಕೊಂಡವರು ಅದನ್ನು ಕೆರೆದಾಗ ಹಲವುಗಳ ಮೇಲೆ ದೇವನಾಗರಿ ಅಕ್ಷರಗಳು ಹೊರಬಿದ್ದುವು. ಲಿಪಿ ಬಲ್ಲವನಿಗೆ ಅವು ಪಡೆಗಳ ಗುರುತುಗಳು. ಬಲ್ಲದವನ ಉಪ್ಪುಕಾಗದಕ್ಕೆ ಅವು ಗೀರುಗಳು.

೬. ತೆಗೆಯತಕ್ಕದ್ದು, ಉಳಿಸತಕ್ಕದ್ದು

ಕೊಳೆಯನ್ನು ಹಾಗೆಯೇ ಬಿಡಬೇಕೆಂಬುದು ನಮ್ಮ ವಾದವಲ್ಲ. ಸಕ್ರಿಯವಾದ ತುಕ್ಕನ್ನು ಬಿಟ್ಟರೆ ಅದು ತಾನೇ ಮುದ್ರೆಗಳನ್ನು ತಿಂದುಹಾಕುತ್ತದೆ. ಆದುದರಿಂದ ವಿವೇಚನೆ ಬೇಕು.

ಮೊದಲನೆಯದು ಗ್ರೀಸು. ಉಗ್ರಾಣದಲ್ಲಿಡುವ ಮುನ್ನ ಪೆಟ್ರೋಲಿಯಂ ಜೆಲ್ಲಿಯ ಜಾತಿಯ ದಪ್ಪ ಗ್ರೀಸನ್ನು ಬಳಿಯುವುದು ಎಲ್ಲ ಸೇನೆಗಳ ಪದ್ಧತಿ. ಉಕ್ಕನ್ನು ಉಳಿಸಿದ್ದೇ ಈ ಗ್ರೀಸು. ಇದನ್ನು ಹದವಾದ ಶಾಖದಿಂದ ಕರಗಿಸಿ, ಸೀಮೆಎಣ್ಣೆಯಂಥ ದ್ರಾವಕದಿಂದ ಒರೆಸಿದರೆ ಲೋಹಕ್ಕೆ ಹಾನಿಯಿಲ್ಲ. ಮರವು ಹೀರಿಕೊಂಡ ಎಣ್ಣೆಗೆ ನುಣುಪಾದ ಸೀಮೆಸುಣ್ಣದ ಪುಡಿಯನ್ನು ದ್ರಾವಕದಲ್ಲಿ ಕಲಸಿ ಪಟ್ಟು ಹಾಕುವುದುಂಟು. ದ್ರಾವಕವು ಆರುತ್ತಿದ್ದಂತೆ ಪುಡಿಯು ಎಣ್ಣೆಯನ್ನು ಸೆಳೆದುಕೊಂಡು ಕಂದಾಗುತ್ತದೆ.

ಎರಡನೆಯದು ತುಕ್ಕು. ಕೆಂಪಾಗಿ ಪುಡಿಪುಡಿಯಾಗಿ ಉದುರುವ ತುಕ್ಕು ಒಂದು. ಕಪ್ಪಾಗಿ ಗಟ್ಟಿಯಾಗಿ ಅಂಟಿಕೊಂಡ ಪದರ ಮತ್ತೊಂದು. ಮೊದಲನೆಯದು ಶತ್ರು, ಎರಡನೆಯದು ಬಹುಮಟ್ಟಿಗೆ ಕವಚ. ಮರವನ್ನು ಬೇರ್ಪಡಿಸಿದ ಮೇಲೆ ಉಕ್ಕಿನ ಭಾಗವನ್ನು ಶುದ್ಧವಾದ ನೀರಿನಲ್ಲಿ ಕುದಿಸಿದರೆ ಕೆಂಪು ಆಕ್ಸೈಡು ಕಪ್ಪು ಆಕ್ಸೈಡಾಗಿ ಪರಿವರ್ತಿತವಾಗುತ್ತದೆ. ಮೇಲೆ ನಿಂತ ಮೃದುವಾದ ಕರಿಯನ್ನು ನವುರಾದ ತಂತಿಯ ಬ್ರಷ್ಷಿನಿಂದ ತೆಗೆಯಬಹುದು. ಹಿಂದೆ ಕೋವಿಗಳಿಗೆ ಕಪ್ಪು ಬಣ್ಣವನ್ನು ಬರಿಸುತ್ತಿದ್ದ ಒಂದು ಕ್ರಮವೂ ಇದೇ: ಬೇಕೆಂದೇ ತುಕ್ಕು ಹಿಡಿಸಿ, ಕುದಿಸಿ, ಉಜ್ಜುವುದು. ಹೀಗೆ ಮಾಡಿದಲ್ಲಿ ಮುದ್ರೆಗಳ ಅಂಚು ಉಳಿಯುತ್ತದೆ. ಎಮರಿ ಕಾಗದ, ತಿರುಗುವ ಚಕ್ರ, ತೀವ್ರವಾದ ಆಮ್ಲ ಇವು ತುಕ್ಕಿನೊಡನೆ ಲೋಹವನ್ನೂ ಒಯ್ಯುತ್ತವೆ. ಕುದಿಸುವುದೂ ಒಂದು ಮಾರ್ಪಾಟೇ ಆದುದರಿಂದ, ಮಾಡಿದ ಕೆಲಸವನ್ನು ಬರೆದಿಡತಕ್ಕದ್ದು.

ಮೂರನೆಯದು ಮರ. ಅತಿಹೆಚ್ಚಿನ ಅನಾಹುತವು ನಡೆಯುವುದು ಇಲ್ಲಿಯೇ. ಮರದ ಮೇಲಣ ಪರಿವೀಕ್ಷಕರ ಮುದ್ರೆಗಳು ಕೂದಲೆಳೆಯಷ್ಟು ಆಳದವು. ಉಪ್ಪುಕಾಗದದ ಕೆಲವು ಸುತ್ತಿಗೆ ಮಾಯವಾಗುತ್ತವೆ. ಉಜ್ಜಿದ ಮರವು ಲೋಹದ ಮಟ್ಟಕ್ಕಿಂತ ತಗ್ಗಿಹೋಗುವುದು ಜೀರ್ಣೋದ್ಧಾರಕನ ಆತುರವನ್ನು ಬಯಲಿಗೆಳೆಯುವ ಗುರುತು. ತಗ್ಗಿದ ಕಡೆಗೆ ಒದ್ದೆ ಬಟ್ಟೆಯನ್ನಿಟ್ಟು ಇಸ್ತ್ರಿಪೆಟ್ಟಿಗೆಯ ಶಾಖ ಕೊಟ್ಟರೆ ನಾರು ಉಬ್ಬಿ ಮೇಲೇಳುತ್ತದೆ. ಆದರೆ ಎಲ್ಲ ತಗ್ಗುಗಳನ್ನೂ ಎಬ್ಬಿಸಬೇಕೆ ಎಂಬುದನ್ನು ಮೊದಲು ಯೋಚಿಸಬೇಕು. ಹಿಂಭಾಗದ ಮರದ ಬಲಬದಿಯಲ್ಲಿ ದಳದ 표ಗುರುತನ್ನು ಹೊತ್ತ ಹಿತ್ತಾಳೆಯ ಬಿಲ್ಲೆಯಿರುತ್ತಿತ್ತು. ಮೊದಲನೆಯ ಮಹಾಯುದ್ಧದ ಅವಸರದಲ್ಲಿ ಅದನ್ನು ಕೈಬಿಟ್ಟರು. ಬಿಲ್ಲೆ ಹೋದ ಕುಳಿಯನ್ನು ಮುಚ್ಚಿದ ಮರದ ಬಿರಡೆಯು ದೋಷವಲ್ಲ, ದಾಖಲೆ. ಒಣಗಿದ ಮರಕ್ಕೆ ಸೇನೆಯವರೇ ಬಳಸುತ್ತಿದ್ದ ಅಗಸೆ ಎಣ್ಣೆಯು ಸಾಕು. ಹೊಳೆಯುವ ವಾರ್ನಿಷು ಬೇಡ.

ಅಂದವಾಗಿ ಕಾಣುವ ಕೋವಿಯು ಗುಂಡು ಹಾರಿಸಲು ಯೋಗ್ಯವೆಂದು ತಿಳಿಯುವುದು ಅಪಾಯಕರವೆಂಬುದನ್ನೂ ಇಲ್ಲಿಯೇ ಹೇಳಬೇಕು. ಸಂಗ್ರಹಾಲಯದ ಸಂರಕ್ಷಣೆಗೂ ಆಯುಧ ಪರೀಕ್ಷೆಗೂ ಸಂಬಂಧವಿಲ್ಲ.

೭. ನಮ್ಮ ಹೊಣೆ

ಆಯುಧಗಳನ್ನು ತೊಳೆದು ಒರೆಸಿ ಗೌರವಿಸುವುದು ನಮ್ಮ ನಾಡಿಗೆ ಹೊಸದಲ್ಲ. ಆಯುಧಪೂಜೆಯನ್ನು ಎಲ್ಲರೂ ಬಲ್ಲರು. ಕೊಡಗಿನಲ್ಲಿ ನಾಟಿಯ ಕೆಲಸ ಮುಗಿದ ಮೇಲೆ ಸೆಪ್ಟೆಂಬರಿನಲ್ಲಿ ಬರುವ ಕೈಲ್ ಮುಹೂರ್ತದಂದು ಮನೆಯ ಕೋವಿ ಕತ್ತಿಗಳನ್ನು ಶುಚಿಮಾಡಿ, ‘ತೋಕ್ ಪೂ’ ಎಂಬ ಕೋವಿಹೂವನ್ನು ಮುಡಿಸಿ ಪೂಜಿಸುತ್ತಾರೆ. ಅಲ್ಲಿ ಆಯುಧವನ್ನು ಹೊಸದೆಂದು ತೋರಿಸುವ ಉದ್ದೇಶವಿಲ್ಲ. ಹಿರಿಯರ ಕೈಯಲ್ಲಿದ್ದುದು ಎಂಬುದೇ ಅದರ ಗೌರವಕ್ಕೆ ಕಾರಣ. ಈ ಮನೋಭಾವವೇ ಸಂರಕ್ಷಣೆಯ ತಳಹದಿಯಾಗಲು ಯೋಗ್ಯವಾದುದು.

ಭಾರತದಲ್ಲಿ .೩೦೩ ತೋಟಾದ ಕೋವಿಯು ೧೯೫೯ರ ಆಯುಧ ಶಾಸನ ಮತ್ತು ಅದರ ನಿಯಮಗಳ ಮೇರೆಗೆ ನಿಷಿದ್ಧ ವರ್ಗಕ್ಕೆ ಸೇರಿದ್ದು. ಆದುದರಿಂದ ಅಮೆರಿಕದಲ್ಲಿದ್ದಂತೆ ಹವ್ಯಾಸಿಗಳು ಅಂಗಡಿಯಲ್ಲಿ ಕೊಂಡು ಮನೆಯಲ್ಲಿ ಕೆರೆಯುವ ಸಂಭವವಿಲ್ಲ. ನಮ್ಮಲ್ಲಿ ಅಪಾಯವು ಬೇರೆ ದಿಕ್ಕಿನಿಂದ ಬರುತ್ತದೆ. ೨೦೦೮ರ ನವೆಂಬರಿನ ದಾಳಿಯಲ್ಲಿ ಮುಂಬಯಿಯ ರೈಲು ನಿಲ್ದಾಣದಲ್ಲಿ ಪೊಲೀಸರು ಎದುರಿಸಿದ್ದು ಈ ಹಳೆಯ ಕೋವಿಗಳಿಂದಲೇ. ಆ ಬಳಿಕ ಇವನ್ನು ಬದಲಿಸುವ ಕಾರ್ಯವು ಬಿರುಸಾಯಿತು. ಉತ್ತರ ಪ್ರದೇಶದ ಪೊಲೀಸ್ ದಳವು ೨೦೨೦ರ ಗಣರಾಜ್ಯೋತ್ಸವದ ಕವಾಯತಿನಲ್ಲಿ ಇದಕ್ಕೆ ವಿಧ್ಯುಕ್ತವಾಗಿ ವಿದಾಯ ಹೇಳಿತು. ಸೇವೆಯಿಂದ ಹೊರಬಿದ್ದ ಕೋವಿಗಳಲ್ಲಿ ಹೆಚ್ಚಿನವುಗಳ ಗತಿ ನಾಶ. ಕೆಲವು ಮಾತ್ರ ಸಂಗ್ರಹಾಲಯವನ್ನೋ ಸ್ಮಾರಕವನ್ನೋ ಸೇರುತ್ತವೆ. ಸ್ಮಾರಕಕ್ಕೆ ಬಂದುದನ್ನು ಉತ್ಸವದ ಮುನ್ನಾದಿನ ಉಜ್ಜಿ ಕಪ್ಪು ಬಣ್ಣ ಹೊಡೆದರೆ, ನಾಶವಾದುದಕ್ಕೂ ಉಳಿದುದಕ್ಕೂ ಇತಿಹಾಸದ ದೃಷ್ಟಿಯಿಂದ ಹೆಚ್ಚು ಅಂತರವಿಲ್ಲ.

ಈ ಕಾರಣದಿಂದ ಕೆಲವು ಸೂಚನೆಗಳನ್ನು ವಿದ್ವಾಂಸರ ಮುಂದಿಡುತ್ತೇವೆ. ಮೊದಲನೆಯದಾಗಿ, ಯಾವುದೇ ಕೋವಿಯನ್ನು ಶುಚಿಮಾಡುವ ಮುನ್ನ ಎಲ್ಲ ಬದಿಗಳ ಛಾಯಾಚಿತ್ರವನ್ನೂ, ಎಲ್ಲ ಮುದ್ರೆಗಳ ಮತ್ತು ಸಂಖ್ಯೆಗಳ ಪಟ್ಟಿಯನ್ನೂ ತಯಾರಿಸಬೇಕು. ಎರಡನೆಯದಾಗಿ, ಬಲ್ಲವರಿಂದ ಬಿಚ್ಚಿಸಿದಾಗ ಮರದೊಳಗಿನ ಗುರುತುಗಳನ್ನೂ ಬರೆದುಕೊಳ್ಳಬೇಕು. ಹಿಂಭಾಗದ ಗುಳಿಯಲ್ಲಿ ಉಳಿದ ಚಿಂದಿ, ಕುಪ್ಪಿ, ಹುರಿ ಇವನ್ನು ಎಸೆಯಬಾರದು. ಮೂರನೆಯದಾಗಿ, ನಳಿಗೆಯ ಬಾಯಿಯ ಸವೆತವನ್ನು ಅಳೆದಿಡಬೇಕು. ನಾಲ್ಕನೆಯದಾಗಿ, ತೆಗೆದದ್ದೇನು, ಬಳಿದದ್ದೇನು ಎಂಬುದನ್ನು ತೇದಿಯೊಡನೆ ವಸ್ತುವಿನ ಕಡತದಲ್ಲಿ ಸೇರಿಸಬೇಕು. ಬದಲಿ ಭಾಗವನ್ನು ಕೂಡಿಸಲೇಬೇಕಾದಲ್ಲಿ ಹಳೆಯದನ್ನು ಜೊತೆಯಲ್ಲಿಯೇ ಇಡಬೇಕು.

ಎನ್.ಸಿ.ಸಿ.ಯು ೧೯೪೮ರಲ್ಲಿ ಆರಂಭವಾದಂದಿನಿಂದ ಕವಾಯತಿಗೆಂದು ನಿಷ್ಕ್ರಿಯಗೊಳಿಸಿದ .೩೦೩ ಕೋವಿಗಳು ಕಾಲೇಜುಗಳ ವಿದ್ಯಾರ್ಥಿಗಳ ಹೆಗಲ ಮೇಲೆ ಬಂದಿವೆ. ಅವುಗಳನ್ನು ಒರೆಸುವ ವಿದ್ಯಾರ್ಥಿಯು ಪಕ್ಕದ ಕೊಠಡಿಯ ಇತಿಹಾಸ ತರಗತಿಯಲ್ಲಿ ೧೮೫೭ನ್ನೂ ೧೯೪೭ನ್ನೂ ಪುಸ್ತಕದಿಂದ ಓದುತ್ತಾನೆ. ಆ ಎರಡು ವರ್ಷಗಳ ನಡುವಣ ರಾಜನೀತಿಯು ತನ್ನ ಕೈಯಲ್ಲಿರುವ ಉಕ್ಕಿನ ಮೇಲೂ ಬರೆದಿದೆಯೆಂದು ಅವನಿಗೆ ಹೇಳುವವರಿಲ್ಲ. ದಳದ ಅಧಿಕಾರಿಗಳ ಅನುಮತಿಯನ್ನು ಪಡೆದು, ಒಂದೊಂದು ಕಾಲೇಜಿನ ಅಧ್ಯಾಪಕರೂ ವಿದ್ಯಾರ್ಥಿಗಳೂ ತಮ್ಮಲ್ಲಿರುವ ಕವಾಯತಿನ ಕೋವಿಗಳ ಕಾರ್ಖಾನೆ, ವರ್ಷ, ಮಾದರಿ, ದುರಸ್ತಿಯ ಗುರುತು ಇವುಗಳ ಪಟ್ಟಿಯನ್ನು ಮಾಡಿದರೆ, ಬೇರೆ ಬೇರೆ ಊರುಗಳ ಪಟ್ಟಿಗಳನ್ನು ಹೋಲಿಸಿ ನೋಡಲು ಅವಕಾಶವಾಗುತ್ತದೆ. ಇದಕ್ಕೆ ಹೆಚ್ಚಿನ ವೆಚ್ಚವಿಲ್ಲ. ಒಂದು ಭೂತಗನ್ನಡಿ, ಒಂದು ಪುಸ್ತಕ ಮತ್ತು ಸ್ವಲ್ಪ ತಾಳ್ಮೆ ಸಾಕು. ಕೋವಿಗಳು ಕರಗುವ ಕುಲುಮೆಗೆ ಹೋಗುವ ಮುನ್ನ ಈ ಕೆಲಸವನ್ನು ಕೈಗೊಳ್ಳುವುದು ಅವಶ್ಯವೆಂದು ನಮ್ಮ ಅಭಿಪ್ರಾಯ.